ಜೆಲ್ ಆಮೇಲೆ, ಮೊದಲು ಮೀಟರ್ ಬೋರ್ಡ್

ನಾಟಕ ತಂಡದ ಜೊತೆ ಊರೂರು ತಿರುಗಿ ಲೈಟಿಂಗ್ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರು ಬಂದ ಕೂಡಲೇ ಕೇಳುವುದು, ರಾತ್ರಿಯ ದೃಶ್ಯಕ್ಕೆ ಯಾವ ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ) ಹಾಕೋಣ ಅಂತ. ನಾನು ಅವರನ್ನು ಮೊದಲು ಕರೆದೊಯ್ಯುವುದು ಮೀಟರ್ ಬೋರ್ಡ್ ಹತ್ತಿರ, ಅಲ್ಲಿ ಎಷ್ಟು ಕರೆಂಟ್ ಸಿಗುತ್ತದೆ ನೋಡಲು.

ರವೀಂದ್ರ ಕಲಾಕ್ಷೇತ್ರ, ರಂಗಶಂಕರ, ಹೆಗ್ಗೋಡಿನ ರಂಗಮಂದಿರಗಳಲ್ಲಿ ಈ ತಲೆನೋವಿಲ್ಲ, ಅವು ಪ್ರದರ್ಶನಕ್ಕೆಂದೇ ಕಟ್ಟಿದವು. ಆದರೆ ನಮ್ಮ ಪ್ರದರ್ಶನ ಹೆಚ್ಚಾಗಿ ನಡೆಯುವುದು ಸಮುದಾಯ ಭವನ, ಕಲ್ಯಾಣ ಮಂಟಪ, ಕಾಲೇಜು ಸಭಾಂಗಣಗಳಲ್ಲಿ. ಅಲ್ಲಿನ ವಾಚ್‌ಮನ್ ಭರವಸೆ ಕೊಡುತ್ತಾರೆ: "ಕರೆಂಟಿಗೇನೂ ತೊಂದ್ರೆ ಇಲ್ಲ ಸಾರ್, ಮದುವೆಗೆ ಇಡೀ ಹಾಲಿಗೆ ಸೀರಿಯಲ್ ಸೆಟ್ ಹಾಕ್ತಾರೆ." ಪಾಪ, ಸೀರಿಯಲ್ ಸೆಟ್ ಎಳೆಯುವ ಕರೆಂಟಿಗೂ ನಮ್ಮದಕ್ಕೂ ಎಲ್ಲಿಯ ಲೆಕ್ಕ!

ರಂಗಕ್ಕೆ ಬೆಳಕು ಚೆಲ್ಲುವ 1000 ವ್ಯಾಟಿನ ಒಂದು ಪಾರ್ ಲೈಟ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪ್ಸ್ ಎಳೆಯುತ್ತದೆ. ಮೂರಕ್ಕೆ 13 ಆಯಿತು. 15 ಆಂಪ್ಸ್ ಪ್ಲಗ್ಗಿಗೆ ಅಲ್ಲಿಗೆ ಸಾಕು, ನಾಲ್ಕನೆಯದು ಸಿಕ್ಕಿಸಿದರೆ 17 ದಾಟುತ್ತದೆ. ಹನ್ನೆರಡು ಲೈಟು ಉರಿಸಬೇಕಾದರೆ ತ್ರೀ ಫೇಸ್ (ಮೂರು ಲೈನಿನಲ್ಲಿ ಬರುವ ಕರೆಂಟ್) ಬೇಕೇ ಬೇಕು, ಫೇಸಿಗೆ ನಾಲ್ಕರಂತೆ ಹಂಚಬೇಕು, ನಾಲ್ಕನ್ನೂ ಒಂದೇ ಪ್ಲಗ್ಗಿಗಲ್ಲ. ಸೌಂಡಿನವರಿಗೆ ಡಿಮ್ಮರ್ (ಬೆಳಕು ಏರಿಸಿ ಇಳಿಸುವ ಪೆಟ್ಟಿಗೆ) ಇಲ್ಲದ ಫೇಸ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಲೈಟು ಇಳಿಸಿದಾಗೆಲ್ಲ ಸ್ಪೀಕರು 'ಜುಂಯ್' ಅನ್ನುತ್ತದೆ. ಮೈಕ್ ಕೇಬಲ್ಲನ್ನೂ ಡಿಮ್ಮರ್ ಕೇಬಲ್ಲಿನ ಪಕ್ಕದಲ್ಲೇ ಎಳೆಯಬೇಡಿ.

ಅದಕ್ಕೇ ನಾನು ಲೈಟಿಂಗ್ ಪ್ಲಾನನ್ನು ಊರು ಬಿಡುವ ಮೊದಲೇ ಎರಡು ಪಾಲು ಮಾಡುತ್ತೇನೆ: ಇರಲೇಬೇಕಾದದ್ದು, ಸಿಕ್ಕರೆ ಹಾಕುವುದು. ಮಾತು ನಡೆಯುವ ಜಾಗಕ್ಕೆ ಮುಂದಿನಿಂದ ಬೀಳುವ ಮುಖದ ಬೆಳಕು ಮೊದಲ ಪಾಲಿನಲ್ಲಿ. ನಟರ ಹಿಂದಿನಿಂದ ಬೀಳುವ ಬ್ಯಾಕ್ ಲೈಟು, ಬಣ್ಣ ಎಲ್ಲ ಎರಡನೆಯದರಲ್ಲಿ. ಬಣ್ಣ ಬಿಡಲು ನಿರ್ದೇಶಕರು ಸುಲಭಕ್ಕೆ ಒಪ್ಪುವುದಿಲ್ಲ. ಆದರೂ ಮುಖ ಕಾಣದಿದ್ದರೆ ಹಿಂದಿನ ಸಾಲಿನವರಿಗೆ ಮಾತೂ ಕೇಳಿಸಿದಂತಾಗುವುದಿಲ್ಲ ಅನ್ನುವುದನ್ನು ನಾನು ಬಿಟ್ಟುಕೊಡುವುದಿಲ್ಲ.

ಫೋಕಸ್ ಮಾಡುವಾಗ ಖಾಲಿ ರಂಗಕ್ಕೆ ಲೈಟು ತಿರುಗಿಸಿ ಪ್ರಯೋಜನವಿಲ್ಲ, ಯಾರಾದರೂ ನಿಲ್ಲಬೇಕು. ದೃಶ್ಯದಲ್ಲಿ ಪಾತ್ರ ಕೂತಿದ್ದರೆ ಅವರೂ ಕೂರಬೇಕು. ನಿರ್ದೇಶಕರನ್ನು ಮಾತ್ರ ನಿಲ್ಲಿಸಬೇಡಿ, ನಿಂತಲ್ಲೇ ಮೂವ್‌ಮೆಂಟ್ ಬದಲಾಯಿಸಲು ಶುರುಮಾಡುತ್ತಾರೆ. ಕಿಟಕಿಯಿರುವ ಹಾಲಾದರೆ ಹಗಲಿನ ಫೋಕಸ್ ನಂಬುವ ಹಾಗಿಲ್ಲ. ಕಿಟಕಿ ಮುಚ್ಚಲು ಕಪ್ಪು ಬಟ್ಟೆ ಒಯ್ಯಿರಿ.

ಕ್ಯೂ ಶೀಟಿನಲ್ಲಿ (ಲೈಟು ಯಾವಾಗ ಬದಲಾಗಬೇಕು ಅನ್ನುವ ಪಟ್ಟಿ) ಬರೀ ಮಾತು ಬರೆದಿಟ್ಟುಕೊಂಡರೆ ಸಾಲದು. "'ಹೊರಡ್ತೀನಿ' ಅಂದ ಮೇಲೆ, ಬಾಗಿಲಿಗೆ ಕೈಯಿಟ್ಟಾಗ, 5 ಸೆಕೆಂಡ್ ಫೇಡ್" ಅಂತ ಬರೆಯಿರಿ (ಫೇಡ್ ಅಂದರೆ ಬೆಳಕು ಮೆಲ್ಲಗೆ ಇಳಿಯುವುದು). ನಟರು ಮಾತು ಹಾರಿಸುವುದುಂಟು, ಬಾಗಿಲು ಹಾರಿಸುವುದು ಕಡಿಮೆ. ಅಲ್ಲಿನವರು ಎಲ್‌ಇಡಿ ಪಾರ್ ಕೊಟ್ಟರೆ ಬ್ಲ್ಯಾಕ್‌ಔಟನ್ನು (ಎಲ್ಲ ಲೈಟು ಒಟ್ಟಿಗೆ ಆರಿಸುವುದನ್ನು) ಒಮ್ಮೆ ಮಾಡಿ ನೋಡಿ. ನಮ್ಮ ಹ್ಯಾಲೊಜನ್ ಲೈಟಿನ ಫಿಲಮೆಂಟ್ ಆರಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ, ಎಲ್‌ಇಡಿ ಕತ್ತರಿಸಿದ ಹಾಗೆ ಆರುತ್ತದೆ. ಅದೇ ಕ್ಯೂ ಒತ್ತಿದರೂ ದೃಶ್ಯದ ಕೊನೆ ಬೇರೆಯೇ ಆಗಿಬಿಡುತ್ತದೆ.

ನಾಟಕ ಮುಗಿದ ಮೇಲೆ ಹಾರ, ಫೋಟೊ, ಭಾಷಣ ಅಂತ ಹೇಗೂ ಹೊತ್ತಾಗುತ್ತದೆ. ಬೇಜಾರು ಮಾಡಿಕೊಳ್ಳದೆ ಅಷ್ಟರಲ್ಲಿ ನೆಲದ ಕೇಬಲ್ ಸುತ್ತಿಡಿ. ಲೈಟು ಮೊದಲು ತಣ್ಣಗಾಗಲಿ, ಬಿಸಿ ಇರುವಾಗಲೇ ಕೆಳಗಿಳಿಸಿ ಕುಲುಕಿದರೆ ಫಿಲಮೆಂಟ್ ತುಂಡಾಗುತ್ತದೆ. ವ್ಯಾನಿಗೆ ಸೆಟ್ಟಿನ ಸಾಮಾನು ಮೊದಲು ಹೋಗಲಿ, ಲೈಟಿನ ಪೆಟ್ಟಿಗೆ ಕೊನೆಗೆ.