ಹಿಂದಿನಿಂದ ಹಾರನ್ ಬಂದಾಗ

ದಾವಣಗೆರೆಯಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಸ್ಟೇರಿಂಗ್, ಗೇರ್ ಎಲ್ಲ ಸ್ವಲ್ಪ ದಿನದಲ್ಲಿ ಕೈಗೆ ಬಂದುಬಿಡುತ್ತವೆ. ಹಿಂದಿನಿಂದ ಬರುವ ಹಾರನ್‌ಗೆ ಆಗುವ ಗಾಬರಿ ಮಾತ್ರ ಲೈಸೆನ್ಸ್ ಸಿಕ್ಕ ಮೇಲೂ ಬಿಡುವುದಿಲ್ಲ. ಲೈಸೆನ್ಸ್ ಇಟ್ಟುಕೊಂಡೂ ಎಷ್ಟೋ ಜನ ಕಾರು ಮುಟ್ಟದೆ ಇರುವುದಕ್ಕೆ ಇದೇ ಕಾರಣ ಅಂತ ನನಗನಿಸುತ್ತದೆ.

ಬೆಳಿಗ್ಗೆ ಬೇಗ ವಿದ್ಯಾನಗರದ ಒಳರಸ್ತೆಗಳಲ್ಲಿ ಎಲ್ಲರೂ ಚೆನ್ನಾಗಿಯೇ ಓಡಿಸುತ್ತಾರೆ. ಅವರನ್ನೇ ಹತ್ತು ಗಂಟೆಗೆ ಪಿ.ಬಿ. ರಸ್ತೆಗೆ ಕರೆತಂದರೆ ಕಥೆ ಬೇರೆ. ಸಿಗ್ನಲ್ ಬಿಡುತ್ತದೆ, ಮುಂದಿನ ಬಸ್ಸು ಹೊರಡುತ್ತದೆ, ನಮ್ಮ ಗಾಡಿ ಗಕ್ ಅಂತ ಆಫ್. ಹಿಂದೆ ಆಟೋ, ಬೈಕು, ಲಗೇಜ್ ಗಾಡಿ ಎಲ್ಲ ಸೇರಿ ಹಾರನ್. ಕಲಿಯುವವರು ಅವಸರಕ್ಕೆ ಕೀ ತಿರುಗಿಸಿ ಕ್ಲಚ್ ಒಮ್ಮೆಲೇ ಬಿಡುತ್ತಾರೆ. ಮತ್ತೆ ಆಫ್. ನಿಧಾನಕ್ಕೆ ತಿರುಗುತ್ತಿರುವ ಎಂಜಿನ್ ಮೇಲೆ ಇಡೀ ಗಾಡಿಯ ಭಾರ ಒಂದೇ ಸಲ ಬಿದ್ದರೆ ಅದು ನಿಂತೇ ಹೋಗುತ್ತದೆ. ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಬಿಟ್ಟಲ್ಲಿ, ಒಂದು ಕ್ಷಣ ಕಾಲು ತಡೆದರೆ ಭಾರ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಇದು ಅವರಿಗೂ ಗೊತ್ತು. ಗಾಬರಿಯಲ್ಲಿ ಕಾಲು ಮಾತು ಕೇಳುವುದಿಲ್ಲ, ಅಷ್ಟೇ.

ಕಲಿಸುವ ಗಾಡಿಯಲ್ಲಿ ನಮ್ಮ ಕಾಲ ಹತ್ತಿರವೂ ಕ್ಲಚ್, ಬ್ರೇಕ್ ಇರುತ್ತವೆ. ನಾನು ಕ್ಲಚ್ ಹಿಡಿದರೆ ಗಾಡಿ ಸಲೀಸಾಗಿ ಹೊರಡುತ್ತದೆ, ಹಾರನ್ ನಿಲ್ಲುತ್ತದೆ. ಆದರೆ ಪಕ್ಕದಲ್ಲಿ ನಾನಿಲ್ಲದ ದಿನ ಅವರು ಏನು ಮಾಡಬೇಕು? ಅದಕ್ಕೇ ಹಾರನ್ ಬಂದಾಗ ನಾನು ಕ್ಲಚ್ ಮುಟ್ಟುವುದಿಲ್ಲ. ಬ್ರೇಕ್ ಮೇಲೆ ಮಾತ್ರ ಕಾಲು ತಯಾರಿರುತ್ತದೆ, ಅದು ಜೀವದ ವಿಷಯ.

ಶಾಲೆ ಟೀಚರ್ ಒಬ್ಬರು ಗಾಂಧಿ ಸರ್ಕಲ್‌ನಲ್ಲಿ ಹೀಗೇ ಸಿಕ್ಕಿಕೊಂಡರು. "ಅಣ್ಣಾ, ನೀವೇ ತಗೊಳ್ರಿ, ಎಲ್ಲಾರು ಬೈತಾರೆ" ಅಂದರು. "ಬೈಲಿ ಬಿಡ್ರಿ ಮೇಡಂ. ಬ್ರೇಕ್ ಒತ್ತಿ ಹಿಡೀರಿ. ಕ್ಲಚ್ ಪೂರ್ತಿ ಒತ್ರಿ. ನ್ಯೂಟ್ರಲ್ ಮಾಡ್ರಿ. ಈಗ ಸ್ಟಾರ್ಟ್" ಅಂದೆ. ಅಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಯಿತು. ನಿಂತೆವು. ಮುಂದಿನ ಹಸಿರಿಗೆ ಅವರೇ ಹೊರಡಿಸಿದರು. ಆಮೇಲೆ ಗಾಡಿ ಆಫ್ ಆದಾಗಲೆಲ್ಲ ಆ ಮೇಡಂ ಅದೇ ಮಾತುಗಳನ್ನು ತಾವೇ ಜೋರಾಗಿ ಹೇಳಿಕೊಳ್ಳುತ್ತಿದ್ದರು. ಈಗ ಎಲ್ಲರಿಗೂ ಹಾಗೇ ಬಾಯಿಬಿಟ್ಟು ಹೇಳಿಸುತ್ತೇನೆ. ಬಾಯಿ ಹೇಳುತ್ತಿದ್ದರೆ ಕಾಲು ಅವಸರ ಮಾಡುವುದಿಲ್ಲ.

ಸಿಗ್ನಲ್‌ನಲ್ಲಿ ಆಫ್ ಆದರೆ ಹೋಗುವುದು ಮರ್ಯಾದೆ ಮಾತ್ರ. ಓಡುವ ಗಾಡಿಯಲ್ಲಿ ಇದೇ ಗಾಬರಿ ಅಪಾಯ. ಕೊಯ್ಲಿನ ಕಾಲದಲ್ಲಿ ಹಳ್ಳಿ ರಸ್ತೆ, ಸರ್ವಿಸ್ ರಸ್ತೆಗಳಲ್ಲಿ ಮೆಕ್ಕೆಜೋಳ ಹರವಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಹಿಂದೆ ಲಾರಿ ಹಾರನ್ ಹೊಡೆದ ಕೂಡಲೇ ಕಲಿಯುವವರು ನೋಡದೆ ಎಡಕ್ಕೆ ಎಳೆಯುತ್ತಾರೆ. ಕಾಳಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ, ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಹಾರನ್ ಕೇಳಿದರೆ ಮೊದಲು ಕನ್ನಡಿ ನೋಡಿ, ಸ್ಟೇರಿಂಗ್ ಆಮೇಲೆ. ಜಾಗ ಇಲ್ಲದಿದ್ದರೆ ಲಾರಿಯವನು ಕಾಯಲಿ.

ನಿಯಮದ ಪ್ರಕಾರ ಕಾರಿನ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ಓಡಿಸುವ ಹೊತ್ತು ಕನಿಷ್ಠ 10 ಗಂಟೆ. ಅಂದರೆ ದಿನಕ್ಕೆ ಅರ್ಧ ಗಂಟೆಯೂ ಇಲ್ಲ. ಆ ಹೊತ್ತನ್ನೆಲ್ಲ ಖಾಲಿ ರಸ್ತೆಯಲ್ಲೇ ಕಳೆದರೆ ಊರೊಳಗಿನ ಅಭ್ಯಾಸ ಯಾವಾಗ? ಎಲ್‌ಎಲ್‌ಆರ್, ಅಂದರೆ ಕಲಿಯುವಾಗಿನ ಲೈಸೆನ್ಸ್, 6 ತಿಂಗಳು ನಡೆಯುತ್ತದೆ. 30 ದಿನ ಆದ ತಕ್ಷಣ ಟೆಸ್ಟಿಗೆ ಓಡಬೇಕಿಲ್ಲ, ಇನ್ನಷ್ಟು ದಿನ ಓಡಿಸಿ ಅಂತ ನಾನು ಹೇಳುತ್ತೇನೆ. ಮನೆಯವರ ಜೊತೆ ಹೋಗುವುದಾದರೆ ಪಕ್ಕದಲ್ಲಿ ಕೂತವರ ಹತ್ತಿರ ಪೂರ್ತಿ ಲೈಸೆನ್ಸ್ ಇರಲೇಬೇಕು, ಗಾಡಿಗೆ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಎಲ್ ಅಕ್ಷರ ಇರಬೇಕು. ಪಕ್ಕದಲ್ಲಿ ಕೂತವರು ಕೂಗಾಡುವ ಪೈಕಿಯಾದರೆ ಬೇರೆಯವರನ್ನು ಕರೆದುಕೊಂಡು ಹೋಗಿ. ಹಿಂದೆ ಹಾರನ್, ಪಕ್ಕದಲ್ಲಿ ಬೈಗುಳ, ಎರಡೂ ಸೇರಿದರೆ ಯಾರಿಗೂ ಓಡಿಸಲು ಆಗುವುದಿಲ್ಲ.