‘ನಿಮ್ಮಪ್ಪಂಗೆ ಇನ್ನೂ ನಿನ್ ಗುರ್ತು ಸಿಕ್ತದಾ?’

ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಸಿಗುವುದಿಲ್ಲ. ಬೆಳಗ್ಗೆ ಸಿಕ್ಕಿದ್ದು ಸಂಜೆಗೆ ಸಿಗದೆ ಹೋಗಬಹುದು. ಉತ್ತರ ಇಷ್ಟೇ. ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ, ಶಾಲೆಯ ಸ್ಟಾಫ್‌ರೂಮಿನಲ್ಲಿ ಇನ್ನು ಮೇಲೆ ಯಾರೇ ಕೇಳಿದರೂ ಇದನ್ನು ಓದಿಕೊಳ್ಳಿ ಎಂದು ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಅಪ್ಪನಿಗೆ ಡಿಮೆನ್ಶಿಯಾ, ಅಂದರೆ ನೆನಪು, ಬುದ್ಧಿ ಮಂಕಾಗುತ್ತಾ ಹೋಗುವ ಕಾಯಿಲೆ. ಅದರಲ್ಲೂ ಆಲ್‌ಝೈಮರ್ಸ್ ಅನ್ನುವ ಬಗೆ. ನಾನು ಅವನ ಮಗಳು, ಹೈಸ್ಕೂಲ್ ಟೀಚರ್, ಅವನ ಜೊತೆಗಿರುವವಳು. ಈ ಕಾಯಿಲೆ ನಮ್ಮ ಮನೆಗೊಂದಕ್ಕೇ ಬಂದದ್ದಲ್ಲ. ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹಾಗಾಗಿ ಕೇಳುವವರ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ, ಅವರನ್ನೂ ಯಾರೋ ಇದೇ ಪ್ರಶ್ನೆ ಕೇಳುತ್ತಿರುತ್ತಾರೆ.

ನನಗೆ ಕೋಪ ಬರುವುದು ಕೇಳುವ ರೀತಿಗೆ. ಅಪ್ಪ ಪಕ್ಕದಲ್ಲೇ ಕೂತಿರುವಾಗ ಅವನ ತಲೆ ಮೇಲಿಂದ ನನ್ನನ್ನು ಕೇಳುತ್ತಾರೆ. ‘ಇಲ್ಲ’ ಅಂದರೆ ‘ಅಯ್ಯೋ, ಎಂಥಾ ಮನ್ಸ ಎಂಗಾಗೋದ’ ಎಂದು ಎದ್ದು ಹೋಗುತ್ತಾರೆ. ‘ಸಿಗುತ್ತೆ’ ಅಂದರೆ ‘ಅಂಗಾದ್ರೆ ಅಷ್ಟೇನಿಲ್ಲ ಬುಡು’ ಎಂದು ಎದ್ದು ಹೋಗುತ್ತಾರೆ. ಎರಡರಲ್ಲಿ ಯಾವುದು ಹೇಳಿದರೂ ಮಾತು ಅಲ್ಲಿಗೆ ಮುಗಿಯುತ್ತದೆ. ಇನ್ನು ಕೆಲವರು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳಿಬಿಡುತ್ತಾರೆ: ‘ಗುರ್ತೇ ಇಲ್ಲದ ಮೇಲೆ ಯಾರು ಮಾಡುದ್ರೇನು, ಯಾಕಿಷ್ಟು ಒದ್ದಾಡ್ತೀಯ?’ ನಾನು ಸ್ನಾನ ಮಾಡಿಸುವುದು, ಮುದ್ದೆ ಮಿದುವಾಗಿ ಕಲಸಿ ತಿನ್ನಿಸುವುದು ಅವನ ಬಾಯಿಂದ ನನ್ನ ಹೆಸರು ಕೇಳುವ ಕೂಲಿಗಾಗಿ ಎಂದುಕೊಂಡಿದ್ದಾರೆ. ಅಪ್ಪನಿಗೆ ಹಸಿವಾಗುತ್ತದೆ, ಚಳಿಯಾಗುತ್ತದೆ, ಭಯವಾಗುತ್ತದೆ. ನನಗೆ ಅಷ್ಟು ಸಾಕು.

ಒಂದು ಪಿತೃಪಕ್ಷದ ಹಬ್ಬದಲ್ಲಿ ನಡೆದದ್ದನ್ನು ಬರೆಯಲೇಬೇಕು. ಹಿರಿಯರಿಗೆ ಎಡೆ ಇಟ್ಟಾಗಿತ್ತು, ಮನೆ ತುಂಬ ನೆಂಟರು. ಅಪ್ಪ ಜಗಲಿಯ ಮೇಲೆ ಹೊಸ ಪಂಚೆ ಉಟ್ಟು ಕೂತಿದ್ದ. ನೆಂಟರಲ್ಲಿ ಒಬ್ಬರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ನಾನ್ಯಾರು ಯೋಳು ನೋಡನ’ ಅಂದರು. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. ‘ನೀನ್ಯಾರು ಅಂತ ನಿಂಗೇ ಗೊತ್ತಿಲ್ವಾ? ಓಗಿ ನಿಮ್ಮವ್ವನ್ನ ಕೇಳ್ಕಂಡ್ ಬಾ’ ಅಂದ. ಇಡೀ ಜಗಲಿ ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀರಾವರಿ ನಾಲೆಯ ಮೇಲೆ ರೈತರ ನೀರಿನ ಜಗಳ ಬಿಡಿಸುತ್ತಿದ್ದ ಮನುಷ್ಯನ ಮಾತಿನ ವರಸೆ ಅದು. ಅದು ಹಾಗೇ ಇತ್ತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದರು. ‘ಇವ್ನು ಯಾರು? ಇದು ಯಾರ ಮಗ? ನಿನ್ ಸೊಸೆ ಎಸ್ರೇನು?’ ಮೊಬೈಲಿನಲ್ಲಿ ಹಳೇ ಫೋಟೋ ತೆಗೆದು ಕಣ್ಣಿಗೆ ಹಿಡಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಅಪ್ಪ ಹೆಗಲ ಟವಲು ತೆಗೆದು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ‘ಗೊತ್ತು, ಎಲ್ಲಾ ಗೊತ್ತು, ಮೊದ್ಲು ಉಣ್ಣಿ’ ಅಂದ. ತಾನು ಮಾತ್ರ ಎಲೆಯ ಮುಂದೆ ಕೂತು ಒಂದು ತುತ್ತೂ ಮುಟ್ಟದೆ ಎದ್ದ. ಆ ರಾತ್ರಿಯೆಲ್ಲ ಬಾಗಿಲ ಹತ್ತಿರ ನಿಂತು ಕೈಮುಗಿಯುತ್ತಿದ್ದ. ‘ತಪ್ಪಾಯ್ತು ಸಾಹೇಬ್ರೇ, ನಾನು ತೂಬು ಕಟ್ಟೇ ಬಂದಿವ್ನಿ.’ ಹಗಲಿನಲ್ಲಿ ನಡೆದದ್ದು ಹಬ್ಬ ಅನ್ನುವುದು ಅವನಿಗೆ ನೆನಪಿರಲಿಲ್ಲ. ಯಾರೋ ತನ್ನನ್ನು ವಿಚಾರಣೆ ಮಾಡಿದರು, ತಾನು ಉತ್ತರ ಹೇಳಲಾಗದೆ ನಿಂತೆ ಅನ್ನುವ ಅವಮಾನ ಮಾತ್ರ ಮೈಯಲ್ಲಿ ಉಳಿದಿತ್ತು.

ಇದು ನನ್ನೊಬ್ಬಳ ಊಹೆಯಲ್ಲ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆಲ್‌ಝೈಮರ್ಸ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಏನು ನೋಡಿದಿರಿ ಎಂದು ಕೇಳಿದರು. ನೋಡಿದ್ದು ಬಹುಪಾಲು ಮರೆತುಹೋಗಿತ್ತು. ದುಃಖ ಹೋಗಿರಲಿಲ್ಲ. ಹೆಚ್ಚು ಮರೆತವರಲ್ಲಿ ಅದು ಹೆಚ್ಚು ಹೊತ್ತು ಉಳಿದಿತ್ತು. ಹೊಸ ನೆನಪುಗಳನ್ನು ಕೂಡಿಡುವ ಮೆದುಳಿನ ಭಾಗ ಈ ಕಾಯಿಲೆಯಲ್ಲಿ ಬೇಗ ಹಾಳಾಗುತ್ತದೆ. ಪ್ರೀತಿ, ಹೆದರಿಕೆ, ಮಾನ, ಅವಮಾನ ಅಷ್ಟು ಬೇಗ ಹೋಗುವುದಿಲ್ಲ. ನೀವು ಬಂದು ಹೋದದ್ದನ್ನು ಅಪ್ಪ ಮರೆಯುತ್ತಾನೆ, ನೀವು ಬಿಟ್ಟುಹೋದ ಸಂಕಟವನ್ನು ಅವನೂ ನಾನೂ ರಾತ್ರಿಯಿಡೀ ಅನುಭವಿಸುತ್ತೇವೆ. ಪರೀಕ್ಷೆ ಮಾಡಲು ಡಾಕ್ಟರಿದ್ದಾರೆ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳುವ 30 ಅಂಕದ ಪರೀಕ್ಷೆ ಅವರ ಹತ್ತಿರವೇ ಇದೆ. ಅದಕ್ಕೊಂದು ಉದ್ದೇಶವೂ ಇದೆ. ಜಗಲಿಯ ಮೇಲೆ ಅದನ್ನು ಮತ್ತೆ ನಡೆಸಬೇಕಾಗಿಲ್ಲ. ಬಂದವರು ‘ಮಾವ, ನಾನು ನಿಮ್ ತಂಗಿ ಮಗ, ಮದ್ದೂರಿಂದ ಬಂದಿವ್ನಿ’ ಅಂದರೆ ಮುಗಿಯಿತು. ಅಪ್ಪ ‘ಬಾಪ್ಪ, ಕೂತ್ಕೊ’ ಅನ್ನುತ್ತಾನೆ, ಗುರುತು ಸಿಕ್ಕವನ ಹಾಗೆಯೇ.

ಅಪ್ಪ ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದ. ಕನ್ನಂಬಾಡಿ ಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯ ಮೇಲೆ ನಡೆದು, ಯಾವ ತೂಬು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ. ಮೇಲಿನವರು ನೀರು ಕಟ್ಟಿಕೊಂಡರೆ ಕೊನೇ ಭಾಗದವರ ಭತ್ತ ಒಣಗುತ್ತದೆ. ಹಾಗಾಗಿ ರಾತ್ರಿ ಹೊತ್ತು ಬ್ಯಾಟರಿ ಹಿಡಿದು ಹೋಗುತ್ತಿದ್ದ. ಈಗ ಸಂಜೆ ಬೆಳಕು ಇಳಿಯುತ್ತಿದ್ದಂತೆ ಎದ್ದು ಚಪ್ಪಲಿ ಹುಡುಕುತ್ತಾನೆ. ಕತ್ತಲಾಗುವ ಹೊತ್ತಿಗೆ ಈ ರೋಗಿಗಳಲ್ಲಿ ತಳಮಳ ಹೆಚ್ಚುವುದನ್ನು ಡಾಕ್ಟರುಗಳು ಸನ್‌ಡೌನಿಂಗ್ ಅನ್ನುತ್ತಾರೆ. ಕತ್ತಲಾಗುವ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕುತ್ತೇನೆ, ಟೀವಿ ನಿಲ್ಲಿಸುತ್ತೇನೆ. ‘ನೀನು ರಿಟೈರಾಗಿ ಎಷ್ಟು ವರ್ಷ ಆಯ್ತು, ಕೂತ್ಕೊ’ ಅಂದರೆ ಜಗಳವಾಗುತ್ತದೆ. ‘ಇವತ್ತು ನಮ್ಮ ಕಡೆಗೆ ನೀರಿನ ಸರದಿ ಇಲ್ಲ ಅಪ್ಪ, ನಾಳೆ ಬಿಡ್ತಾರೆ’ ಅಂದರೆ ‘ಹೂಂ’ ಎಂದು ಚಪ್ಪಲಿ ಬಿಡುತ್ತಾನೆ. ‘ಕಟ್ಟೆ ಎಷ್ಟಡಿ ಅದೆ?’ ಎಂದು ದಿನಾ ಕೇಳುತ್ತಾನೆ. ಪೇಪರ್ ನೋಡಿ ಹೇಳುತ್ತೇನೆ. ಪೂರ್ತಿ ಮಟ್ಟ 124.80 ಅಡಿ ಅನ್ನುವುದು ಅವನಿಗೆ ಮರೆತಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ತಮಿಳುನಾಡಿಗೆ ನೀರು ಬಿಡಬಾರದು ಎಂದು ಮಂಡ್ಯದ ರಸ್ತೆಯಲ್ಲಿ ಜನ ಕೂತಿದ್ದಾಗ, ಆ ಸುದ್ದಿ ಕಿವಿಗೆ ಬಿದ್ದು ‘ಕೊನೇ ಭಾಗದೋರು ಏನ್ ಮಾಡಾರು’ ಎಂದು ಕಣ್ಣೀರು ಹಾಕಿದ. ನನ್ನ ಹೆಸರು ಅವತ್ತು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ನನ್ನನ್ನು ‘ಅವ್ವ’ ಅನ್ನುತ್ತಾನೆ. ತೀರಿಕೊಂಡ ಅಕ್ಕನ ಹೆಸರು ಹಿಡಿದು ಕರೆಯುತ್ತಾನೆ. ಶಾಲೆಗೆ ಹೊರಟಾಗ ಸೀರೆ ನೋಡಿ ‘ಮೇಡಮ್ಮಾರೇ’ ಅನ್ನುವುದೂ ಉಂಟು. ಆದರೆ ಸ್ನಾನಕ್ಕೆ ಬೇರೆ ಯಾರು ಕೈಹಿಡಿದರೂ ಮೈ ಬಿಗಿಹಿಡಿಯುವವನು ನಾನು ಹಿಡಿದರೆ ಎದ್ದು ಬರುತ್ತಾನೆ. ನಾನು ಯಾರು ಎಂದು ಗೊತ್ತಿಲ್ಲದಿದ್ದರೂ ನಾನು ತನ್ನವಳು ಎಂದು ಗೊತ್ತು. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಪೂರ್ತಿ ಉತ್ತರ ಇದು.

ಗುರುತಿನ ಮಾತು ಬಂದಾಗ ಇನ್ನೆರಡು ವಿಷಯ ಹೇಳಬೇಕು, ಯಾರಿಗಾದರೂ ಉಪಯೋಗವಾದೀತು. ಮೊದಲು ಕಿವಿ ತೋರಿಸಿ. ಪ್ರಶ್ನೆಯೇ ಕೇಳಿಸದೆ ಸುಮ್ಮನೆ ಕೂತವರನ್ನು ಮರೆವು ಎಂದು ಬದಿಗೆ ಕೂರಿಸುವುದು ನಮ್ಮಲ್ಲಿ ಸಾಮಾನ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯದಿಂದ ಬೆಳಗ್ಗೆ ಹೊರಟರೆ ತೋರಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ಅಲ್ಲಿ ಹಾಕಿಸಿದ ಶ್ರವಣ ಸಾಧನದಿಂದ ಅಪ್ಪನ ಮಾತು ಹೆಚ್ಚಾಯಿತು. ಎರಡನೆಯದು, ನಿನ್ನೆಯವರೆಗೆ ಒಂದು ಹದದಲ್ಲಿದ್ದವರು ಇವತ್ತು ಇದ್ದಕ್ಕಿದ್ದಂತೆ ತೀರಾ ಗೊಂದಲಕ್ಕೆ ಬಿದ್ದರೆ ‘ಕಾಯಿಲೆ ಜಾಸ್ತಿಯಾಯ್ತು’ ಎಂದು ಕೈಚೆಲ್ಲಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸದಾಗಿ ಕೊಟ್ಟ ಮಾತ್ರೆ, ಇವೆಲ್ಲವೂ ಹಾಗೆ ಮಾಡುತ್ತವೆ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾರಣ ಸಿಕ್ಕರೆ ಎಷ್ಟೋ ಮಂದಿ ಮೊದಲಿನ ಹದಕ್ಕೆ ಬರುತ್ತಾರೆ.

ಈಗ ನನಗೆ ಬೇಕಾಗಿದ್ದ ಪ್ರಶ್ನೆಗೆ ಬರುತ್ತೇನೆ. ‘ನೀನು ರಾತ್ರಿ ಮಲಗ್ತೀಯಾ? ಮಂಗಳವಾರ ಮಧ್ಯಾಹ್ನ ನಾನು ಬಂದು ಎರಡು ಗಂಟೆ ಕೂತ್ಕೊಳ್ಳಲಾ?’

ಇದನ್ನು ಯಾರೂ ಕೇಳುವುದಿಲ್ಲ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನಿಂದ ನೆಂಟರು ಬರುವುದು ಸುಲಭವಾಗಿದೆ. ಬರುತ್ತಾರೆ, ಹಣ್ಣು ತರುತ್ತಾರೆ, ಗುರುತು ಕೇಳುತ್ತಾರೆ, ಊಟ ಮಾಡಿ ಹೊರಡುತ್ತಾರೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿರುತ್ತೇನೆ. ನಾನು ಅವರ ಮೇಲೆ ದೂರು ಹೇಳುತ್ತಿಲ್ಲ, ಏನು ಮಾಡಿದರೆ ಸಹಾಯವಾಗುತ್ತದೆ ಎಂದು ಹೇಳುತ್ತಿದ್ದೇನೆ. ನನಗೆ ಬೇಕಿರುವುದು ಹಣ್ಣಲ್ಲ, ಬಾಗಿಲು ಹಾಕಿಕೊಂಡು ಒಂದು ಮಧ್ಯಾಹ್ನ ಮಲಗುವಷ್ಟು ಹೊತ್ತು.

ನೋಡಿಕೊಳ್ಳುವವರ ಮೈ ಕಬ್ಬಿಣದ್ದಲ್ಲ. ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವಯಸ್ಸಾದವರನ್ನು ಅಮೆರಿಕದಲ್ಲಿ ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಆ ಹೊಣೆಯ ಒತ್ತಡದಲ್ಲಿ ಬಳಲುತ್ತಿದ್ದವರಲ್ಲಿ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಿತ್ತು. ಇದನ್ನು ಓದಿದ ದಿನ ನನಗೆ ಹೆದರಿಕೆಯಾಯಿತು. ಜೊತೆಗೆ ಸಮಾಧಾನವೂ ಆಯಿತು. ನನ್ನ ಸುಸ್ತಿಗೆ ಲೆಕ್ಕವಿದೆ, ಅದನ್ನು ಯಾರೋ ಅಳೆದಿದ್ದಾರೆ.

ನಮ್ಮ ರಾಜ್ಯದ ಮಹಿಳಾ ಸರ್ಕಾರಿ ನೌಕರರಿಗೆ ಮಕ್ಕಳ ಆರೈಕೆಗೆಂದು ಸೇವಾವಧಿಯಲ್ಲಿ 180 ದಿನ ರಜೆ ಇದೆ. ಬಹಳ ಒಳ್ಳೆಯದು. ಅಪ್ಪ ಅಮ್ಮನ ಆರೈಕೆಗೆಂದೇ ಅಂಥ ರಜೆ ಯಾಕಿರಬಾರದು? ಪಕ್ಕದ ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ. ಅದರಲ್ಲಿ ಏನೂ ಆಗುವುದಿಲ್ಲ, ನಿಜ. ಆದರೆ ನೋಡಿಕೊಳ್ಳುವವಳೂ ಒಬ್ಬಳಿದ್ದಾಳೆ ಎಂದು ಸರ್ಕಾರದ ಪುಸ್ತಕದಲ್ಲಿ ಬರೆದಿದೆ. ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಮಾತಾಡಬಹುದು. ಎರಡನ್ನೂ ಅಡುಗೆಮನೆಯ ಗೋಡೆಗೆ ಬರೆದಿಟ್ಟುಕೊಳ್ಳಿ.

ಇದೆಲ್ಲ ಬರುವಾಗ ಬರಲಿ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತು, ಕೆಲವು ಊರಲ್ಲಿ ಈಗಲೂ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ದುಡ್ಡಿನ ಮಾತಿಲ್ಲ, ಉಪಕಾರದ ಭಾರವೂ ಇಲ್ಲ, ತಿರುಗಿಸಿ ಕೊಟ್ಟರೆ ಆಯಿತು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ಇದ್ದಾರೆ, ಪಾರ್ಶ್ವವಾಯು ಹೊಡೆದ ಗಂಡನನ್ನು ನೋಡಿಕೊಳ್ಳುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವರು ಬ್ಯಾಂಕಿಗೆ ಹೋಗುವುದನ್ನೂ ಬಿಟ್ಟಿದ್ದರು. ನಾವಿಬ್ಬರೂ ಮುಯ್ಯಿ ಮಾಡಿಕೊಂಡೆವು. ನನಗೆ ಅರ್ಧ ದಿನ ಶಾಲೆ ಇರುವ ಶನಿವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿ. ಇನ್ನೊಂದು ದಿನ ಅವರ ಮಗಳು ಬಂದಾಗ ಅವರು ನಮ್ಮ ಮನೆಯಲ್ಲಿ. ಅವರು ಅಪ್ಪನನ್ನು ಏನೂ ಕೇಳುವುದಿಲ್ಲ. ಬಂದ ಕೂಡಲೇ ತಮ್ಮ ಹೆಸರು ಹೇಳುತ್ತಾರೆ, ಅವರೆಕಾಯಿ ಬುಟ್ಟಿ ಮುಂದಿಡುತ್ತಾರೆ, ಇಬ್ಬರೂ ಸುಲಿಯುತ್ತಾರೆ. ಅಪ್ಪ ಅರ್ಧ ಕಾಳು ಸಿಪ್ಪೆಯ ಜೊತೆ ಹಾಕುತ್ತಾನೆ, ಅವರು ಆಮೇಲೆ ಆರಿಸಿಕೊಳ್ಳುತ್ತಾರೆ. ನಾನು ಅಷ್ಟು ಹೊತ್ತೂ ಮಲಗುತ್ತೇನೆ. ಒಮ್ಮೆ ನನ್ನ ಬಿಪಿ ತೋರಿಸಿಕೊಂಡು ಬಂದೆ, ಒಮ್ಮೆ ಸುಮ್ಮನೆ ಗೆಳತಿಯ ಮನೆಗೆ ಹೋಗಿ ಕಾಫಿ ಕುಡಿದೆ.

ಈಗ ಮೂರನೆಯ ಮನೆಯೊಂದು ಸೇರಿದೆ. ತಾಯಿಯನ್ನು ಒಬ್ಬನೇ ನೋಡಿಕೊಳ್ಳುವ ಹುಡುಗ, ಬೆಳಗಿನ ಜಾವ ಹಾಲಿನ ಡೈರಿಯ ಕೆಲಸ. ಅವನಿಗೆ ಬೆಳಗ್ಗೆ ಯಾರಾದರೂ ಬೇಕು, ನಮ್ಮಿಬ್ಬರಿಗೂ ಆ ಹೊತ್ತಿನಲ್ಲಿ ಆಗುವುದಿಲ್ಲ. ಹೊಸಹಳ್ಳಿ, ಸುಭಾಷ್‌ನಗರದ ಕಡೆ ಇರುವವರು, ಬೆಳಗ್ಗೆ ಐದರಿಂದ ಏಳರವರೆಗೆ ವಾರಕ್ಕೆ ಒಂದೆರಡು ದಿನ ಬರಬಲ್ಲವರು ಯಾರಾದರೂ ಇದ್ದರೆ ಹೇಳಿ. ತಾಯಿಗೆ ಆ ಹೊತ್ತಿಗೆ ಕಾಫಿ ಬೇಕು, ಸಕ್ಕರೆ ಹಾಕುವಂತಿಲ್ಲ. ನಿಮ್ಮ ಸರದಿಗೆ ನಾವು ಬರುತ್ತೇವೆ.