ದೆಹಲಿ ವಿಶ್ವವಿದ್ಯಾಲಯದ ಓದು ನಮ್ಮ ಹುಡುಗರಿಗೆ ಕಷ್ಟವೇ?

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ಶುರುವಾಗುವ ಪ್ರಶ್ನೆ ಇದು: ‘ಡಿಯುನಲ್ಲಿ ಸೀಟು ಸಿಕ್ಕರೆ ಅಲ್ಲಿಯ ಪೈಪೋಟಿ ತಡ್ಕೊಳ್ತಾರಾ?’ ತಡೆದುಕೊಳ್ಳುತ್ತಾರೆ. ನಮ್ಮವರು ಎಡವುವುದು ಪರೀಕ್ಷಾ ಹಾಲಿನಲ್ಲಲ್ಲ, ಅದಕ್ಕಿಂತ ಮೊದಲೇ ಕೈಬಿಟ್ಟುಹೋಗುವ ಅಂಕಗಳಲ್ಲಿ.

ಪ್ರವೇಶದ ಮಾತು ಚಿಕ್ಕದು. 2022ರಿಂದ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕದ ಮೇಲೆ ಸೀಟು. ಇಬ್ಬರದ್ದು ಸಮವಾದಾಗ ಮಾತ್ರ ಪಿಯುಸಿ ಅಂಕ ನೋಡುತ್ತಾರೆ. ಬಹುತೇಕ ಕೋರ್ಸ್‌ಗಳಿಗೆ ಭಾಷೆಯ ಪೇಪರ್ ಆಗಿ ಕನ್ನಡವನ್ನೇ ಬರೆಯಬಹುದು. ಆದರೆ ಎಕನಾಮಿಕ್ಸ್ ಆನರ್ಸ್‌ಗೆ ಗಣಿತ ಬೇಕೇ ಬೇಕು. ಗಣಿತವಿಲ್ಲದ ಎಚ್‌ಇಬಿಎ (ಇತಿಹಾಸ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ) ಆರಿಸಿಕೊಂಡವರಿಗೆ ಆ ಬಾಗಿಲು ಫಸ್ಟ್ ಪಿಯುಸಿಯಲ್ಲೇ ಮುಚ್ಚಿರುತ್ತದೆ, ಗೊತ್ತಾಗುವುದು ಎರಡು ವರ್ಷ ಕಳೆದ ಮೇಲೆ. ಅವರಿಗೆ ಬಿಕಾಂ ಆನರ್ಸ್ ಇದೆ. ಅಲ್ಲಿ ಗಣಿತದ ಬದಲು ಅಕೌಂಟೆನ್ಸಿ ನಡೆಯುತ್ತದೆ.

ಒಳಗೆ ಹೋದ ಮೇಲೆ ಲೆಕ್ಕ ಬೇರೆ. ಮೊದಲ ಸೆಮಿಸ್ಟರಿಗೆ ಏಳು ಪೇಪರ್, ಒಟ್ಟು 22 ಕ್ರೆಡಿಟ್ (ಪೇಪರಿನ ತೂಕದ ಅಳತೆ). ಟ್ಯುಟೋರಿಯಲ್ (ಚಿಕ್ಕ ಗುಂಪಿನ ತರಗತಿ) ಇರುವ ನಾಲ್ಕು ಕ್ರೆಡಿಟ್ಟಿನ ಪೇಪರಿಗೆ ಒಟ್ಟು 160 ಅಂಕ. ಇದರಲ್ಲಿ ಕೊನೆಯ ಮೂರು ಗಂಟೆ ಪರೀಕ್ಷೆಯ ಪಾಲು 90 ಮಾತ್ರ. ಇಂಟರ್ನಲ್ 30: ಟೆಸ್ಟ್‌ಗೆ 12, ಅಸೈನ್‌ಮೆಂಟ್‌ಗೆ 12, ಹಾಜರಿಗೆ 6. ಉಳಿದ 40 ಟ್ಯುಟೋರಿಯಲ್‌ನದ್ದು, ಅದರಲ್ಲೂ 5 ಹಾಜರಿಗೆ. ಅಂದರೆ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ 70 ಅಂಕದ ಹಣೆಬರಹ ಬರೆದಾಗಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಕಟ್ಟಿ ಕೂತು ಓದಿ ಮಾರ್ಚ್‌ನಲ್ಲಿ ಗೆಲ್ಲುವ ಪಿಯುಸಿ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಹುಷಾರಿ ಹುಡುಗರೇ ಇದರಲ್ಲಿ ಹೆಚ್ಚು ಸೋಲುತ್ತಾರೆ, ಕೊನೆಯಲ್ಲಿ ಓದಿದರೂ ಆಗುತ್ತದೆ ಎಂಬ ಧೈರ್ಯ ಇರುವುದು ಅವರಿಗೇ ತಾನೆ.

ಹಾಜರಿ ಮೂರರಲ್ಲಿ ಎರಡು ಪಾಲು ಇರಲೇಬೇಕು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗಲು ಎರಡು ರಾತ್ರಿ, ಬರಲು ಎರಡು ರಾತ್ರಿ. ಹಬ್ಬದ ರಜೆಗೆ ಹಿಂದೆ ಮುಂದೆ ನಾಲ್ಕು ದಿನ ಸೇರಿಸಿಕೊಂಡರೆ ಏಳೂ ಪೇಪರಿಗೆ ಪೆಟ್ಟು. ಕಾಲೇಜಿನ ನಾಟಕ, ಡಿಬೇಟ್ ಸೊಸೈಟಿಗಳ ಆಯ್ಕೆ ನಡೆಯುವುದೂ ಮೊದಲ ವಾರಗಳಲ್ಲೇ. ಒಂದಕ್ಕೆ ಸೇರಿ, ಮೂರಕ್ಕೆ ಬೇಡ. ಬೀದಿನಾಟಕದ ತಂಡವೊಂದೇ ಸಂಜೆಗಳನ್ನೆಲ್ಲ ನುಂಗುತ್ತದೆ.

ಭಾಷೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಸಿಯುಇಟಿ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಪಡೆಯಬಹುದು, ಆದರೆ ಡಿಯು ಪರೀಕ್ಷೆಯ ಉತ್ತರ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಕನ್ನಡ ಮಾಧ್ಯಮದವರು ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಟ್ಯುಟೋರಿಯಲ್‌ನಲ್ಲಿ ತಿದ್ದಿಸಿಕೊಳ್ಳಬೇಕು. ಆ ತರಗತಿ ಇರುವುದೇ ಅದಕ್ಕೆ. ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ ಗೈಡ್ ಶೈಲಿಯ ‘ಪಾಯಿಂಟ್ಸ್’ ಉತ್ತರಕ್ಕೆ ಅಂಕ ಏರುವುದಿಲ್ಲ. ಯಾವ ಇತಿಹಾಸಕಾರರು ಏನು ವಾದಿಸಿದರು, ಅದಕ್ಕೆ ಯಾರು ಒಪ್ಪಲಿಲ್ಲ, ಏಕೆ ಎಂದು ಬರೆಯಬೇಕು. ಓದಬೇಕಾದ ಅಧ್ಯಾಯಗಳ ಜೆರಾಕ್ಸ್ ಕಟ್ಟು ಕ್ಯಾಂಪಸ್ಸಿನಲ್ಲೇ ಸಿಗುತ್ತದೆ. ಪ್ರಕಾಶಕರು ಇದರ ವಿರುದ್ಧ ದಾವೆ ಹೂಡಿದ್ದರು; 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕಾಗಿ ಮಾಡುವ ಇಂಥ ನಕಲು ತಪ್ಪಲ್ಲ ಎಂದಿತು.

ಏಳರಲ್ಲಿ ಒಂದಾದ ಎರಡು ಕ್ರೆಡಿಟ್ಟಿನ ಭಾಷಾ ಪೇಪರಿಗೆ ಹಿಂದಿ ತೆಗೆದುಕೊಂಡರೆ, ಎಷ್ಟನೇ ತರಗತಿವರೆಗೆ ಹಿಂದಿ ಓದಿದ್ದೀರಿ ಎಂಬುದರ ಮೇಲೆ ಹಂತಗಳಿವೆ. ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವರು ತಿಳಿಯದೆ ಹನ್ನೆರಡರವರೆಗೆ ಓದಿದವರ ಪೇಪರಿಗೆ ಹೆಸರು ಕೊಟ್ಟು ಒದ್ದಾಡುವುದುಂಟು.

ಹಾಸ್ಟೆಲ್ ಸೀಟು ಕಡಿಮೆ, ಅದನ್ನು ನಂಬಿ ಹೊರಡಬೇಡಿ. ಉತ್ತರ ಕ್ಯಾಂಪಸ್‌ನವರು ಕಮಲಾ ನಗರ, ವಿಜಯ ನಗರ, ಹಡ್ಸನ್ ಲೇನ್‌ನಲ್ಲಿ, ವೆಂಕಟೇಶ್ವರ ಕಾಲೇಜಿನ ಕಡೆಯವರು ಸತ್ಯ ನಿಕೇತನದಲ್ಲಿ ಪಿಜಿ ನೋಡುತ್ತಾರೆ. ಫೋಟೊ ನೋಡಿ ಅಡ್ವಾನ್ಸ್ ಹಾಕಬೇಡಿ. ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ಬೇರೆ ದುಡ್ಡೇ, ನಡುವೆ ಬಿಟ್ಟರೆ ಡೆಪಾಸಿಟ್ ವಾಪಸ್ ಬರುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.